ಭೋಜನಕ್ಕೆ ಮುಂಚಿನ ಶನಿವಾರ

ಜೋಳದ ರೊಟ್ಟಿಗೆ ರುಚಿಗಿಂತ ಮೊದಲು ಒಂದು ಸದ್ದಿದೆ ಎಂಬುದು ರೊಟ್ಟಿ ಬಡಿಯುವ ಊರಿನಲ್ಲಿ ಹುಟ್ಟಿದವರಿಗೆ ಬೇಗ ಹೊಳೆಯುವ ಸಂಗತಿಯಲ್ಲ. ನಮ್ಮ ಗದಗ-ಬೆಟಗೇರಿಯಲ್ಲಿ ಬೆಳಗಾಯಿತೆಂದರೆ ಓಣಿಯ ಎರಡೂ ಬದಿಯಿಂದ ಪಟಪಟನೆ ಕೇಳಿಬರುತ್ತಿದ್ದ ಆ ಸದ್ದು ನಮಗೆ ಗಾಳಿಯ ಸದ್ದಿನಷ್ಟೇ ಸಹಜವಾಗಿತ್ತು. ಅದೂ ಒಂದು ಸದ್ದು ಎಂದು ನನಗೆ ತಿಳಿದದ್ದು ಸಿಂಗಪುರದ ಟ್ಯಾಂಪಿನೀಸಿನಲ್ಲಿ, ಒಂಬತ್ತನೆಯ ಮಹಡಿಯ ನಮ್ಮ ಫ್ಲ್ಯಾಟಿಗೆ ಅವ್ವ ಬಂದಿಳಿದ ಮೊದಲ ಶನಿವಾರ. ಅವಳು ಹಿಟ್ಟು ನಾದಿ ಬಡಿಯತೊಡಗಿದ ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ಚೀನೀ ಮುದುಕರೊಬ್ಬರು ಚಪ್ಪಲಿ ಮೆಟ್ಟಿಕೊಂಡು ಮೇಲೆ ಬಂದು, ನೀವು ಗೋಡೆ ಒಡೆಯುತ್ತಿದ್ದೀರಾ, ಒಡೆಯುವುದಾದರೆ ಹೌಸಿಂಗ್ ಬೋರ್ಡಿನ ಅನುಮತಿ ತೆಗೆದುಕೊಳ್ಳಬೇಕಲ್ಲ ಎಂದು ಬಹಳ ವಿನಯದಿಂದ ವಿಚಾರಿಸಿದರು. ಅವರ ಇಂಗ್ಲಿಷು ಅವ್ವನಿಗೆ ತಿಳಿಯಲಿಲ್ಲ, ಅವ್ವನ ಕನ್ನಡ ಅವರಿಗೆ ತಿಳಿಯಲಿಲ್ಲ. ಅವ್ವ ಹಂಚಿನ ಮೇಲೆ ಆಗಷ್ಟೇ ಉಬ್ಬಿದ ರೊಟ್ಟಿಗೆ ಬೆಣ್ಣೆ ಸವರಿ, ಶೇಂಗಾ ಚಟ್ನಿ ಉದುರಿಸಿ ಅವರ ಕೈಗಿಟ್ಟಳು. ಬಾಗಿಲಲ್ಲೇ ನಿಂತು ಪೂರ್ತಿ ತಿಂದು ಹೋದ ಆ ಮನುಷ್ಯರಿಂದ ಆಮೇಲೆ ದೂರು ಬರಲಿಲ್ಲ. ಯಾವುದಾದರೂ ಶನಿವಾರ ಸದ್ದು ತಡವಾದರೆ ಲಿಫ್ಟಿನ ಬಳಿ ಸಿಕ್ಕು, ಅಮ್ಮ ಆರೋಗ್ಯವಾಗಿದ್ದಾರಾ ಎಂದು ಕೇಳುತ್ತಿದ್ದರು.

ಇದು ಎರಡು ಸಾವಿರದ ಆರು-ಏಳನೆಯ ಇಸವಿಯ ಸುಮಾರಿನ ಮಾತು. ಊರಿಗೆ ಊರೇ ದುಡ್ಡಿನ ಹುರುಪಿನಲ್ಲಿದ್ದ ಕಾಲ. ನಾನು ತಂಜಾಂಗ್ ಪಗಾರಿನ ಒಂದು ಬ್ಯಾಂಕಿನ ಕಚೇರಿಯಲ್ಲಿ ಕೆಲಸಕ್ಕಿದ್ದೆ; ಹೆಂಡತಿ ಸುಮಿತ್ರಾ ಆಸ್ಪತ್ರೆಯಲ್ಲಿ ನರ್ಸು; ಮಗಳು ಕೃಪಾ ಶಾಲೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಅವ್ವ ಇಲ್ಲಿ ಉಳಿಯುವ ಪಾಸು ಮಾಡಿಸಿಕೊಂಡು ನಮ್ಮಲ್ಲಿ ಬಂದಿದ್ದಳು. ನಾವು ಬೆಟಗೇರಿಯ ಹಳೆಯ ಮಿಷನ್ ಕೇರಿಯ ಕ್ರೈಸ್ತರು. ನೇಕಾರರ ಮನೆಗಳ ನಡುವೆ ಹಂಚಿನ ಮಾಡಿನ ಗುಡಿ, ಗುಡಿಯ ಪಕ್ಕ ಶಾಲೆ, ಶಾಲೆಯಲ್ಲಿ ನಮ್ಮಪ್ಪ ಮಾಸ್ತರರು. ಗುಡಿ ಎಂದೆನಲ್ಲ, ನೀವು ಬೇರೆ ತಿಳಿದುಕೊಳ್ಳಬೇಡಿ. ನಮ್ಮ ಕಡೆ ದೇವರ ಮನೆ ಯಾವುದಾದರೂ ಗುಡಿಯೇ, ಗಂಟೆ ಯಾವುದಾದರೂ ಗಂಟೆಯೇ.

ಸಿಂಗಪುರದಲ್ಲಿ ನಮ್ಮಂಥ ಕನ್ನಡದ ಕ್ರೈಸ್ತ ಕುಟುಂಬಗಳು ಕೈಬೆರಳಲ್ಲಿ ಎಣಿಸುವಷ್ಟು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ಚೀನೀ ಸಭೆಯವರು ಆರಾಧನೆ ಮುಗಿಸಿ ಹೋದ ಮೇಲೆ, ಅವರದೇ ಒಂದು ಸಣ್ಣ ಹಾಲ್ ಬೇಡಿಕೊಂಡು ಕನ್ನಡದಲ್ಲಿ ಹಾಡಿ ಪ್ರಾರ್ಥಿಸುತ್ತಿದ್ದೆವು. ಅಲ್ಲಿ ಅವ್ವನ ಪ್ರಾರ್ಥನೆಯೆಂದರೆ ಮಕ್ಕಳಿಗೆಲ್ಲ ಒಳಗೊಳಗೇ ನಗು, ಏಕೆಂದರೆ ಬಿಸಿಲೂರಿನಲ್ಲಿ ಬೆಳೆದ ಅವಳು ದೇಶಕ್ಕಾಗಿ ಬೇಡುವಾಗ ಕಾಲಕಾಲಕ್ಕೆ ಮಳೆ ಬೆಳೆ ಕೊಡು ತಂದೆ ಎಂದೇ ಮೊದಲು ಬೇಡುತ್ತಿದ್ದಳು, ಹೊರಗೆ ಆಗಲೇ ಮಳೆ ಧೋ ಎಂದು ಸುರಿಯುತ್ತಿದ್ದರೂ ಸರಿಯೆ. "ಅಜ್ಜೀ, ಇಲ್ಲಿ ಎವೆರಿಡೇ ಮಳೆ ಬರತ್ತೆ ಲಾ, ಸಾಕು ಅಂತ ಹೇಳು" ಎಂದು ಕೃಪಾ ಒಮ್ಮೆ ಬಿಡಿಸಿಯೇ ಹೇಳಿದಳು. ತಾನು ಕೇಳಿದ್ದು ಗದಗಿನ ಹೊಲಗಳಿಗೆ, ಎಲ್ಲಿಗೆ ಸುರಿಯಬೇಕೆಂದು ಸುರಿಸುವವನಿಗೆ ಗೊತ್ತಿದೆ, ನೀನು ಕಣ್ಣು ಮುಚ್ಚಿಕೊಂಡು ಕೂತುಕೋ ಎಂದಳು ಅವ್ವ.

ಬಸವರಾಜ ನಮ್ಮ ಕತೆಗೆ ಬಂದದ್ದು ಎಂಆರ್‌ಟಿ ರೈಲು ಸ್ಟೇಷನ್ನಿನ ಪ್ಲ್ಯಾಟ್‌ಫಾರ್ಮಿನಿಂದ. ಯಾರೋ ಮೊಬೈಲಿನಲ್ಲಿ ಊರಿನ ತಮ್ಮನಿಗೆ, ಬೋರಿನ ಮೋಟರು ಸುಟ್ಟದ್ದಕ್ಕೆ, ಅಪ್ಪಟ ರೋಣದ ಕನ್ನಡದಲ್ಲಿ ಬೈಯುತ್ತಿದ್ದರು. ಆ ಬೈಗುಳ ಕೇಳಿ ನನಗೆ ಕಣ್ಣು ತುಂಬಿದವೆಂದರೆ ನೀವು ನಗುತ್ತೀರಿ, ನಗಿ. ಆದರೆ ಪರದೇಶದಲ್ಲಿ ಹತ್ತು ವರ್ಷ ಇದ್ದು ನೋಡಿ ಆಮೇಲೆ ನಗಿ. ಹತ್ತಿರ ಹೋಗಿ ನಿಂತೆ. ಅವನು ಫೋನು ಇಟ್ಟು, ಯಾವ ಊರು ನಿಮ್ಮದು ಎಂದ. ಅಂದಿನಿಂದ ಅವನೂ ಅವನ ಹೆಂಡತಿ ಗಿರಿಜಾಳೂ ಶನಿವಾರಗಳ ನೆಂಟರು. ಜುರಾಂಗಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರು ಅವನು, ಮನೆ ಜುರಾಂಗ್ ಈಸ್ಟಿನಲ್ಲಿ. ಈ ದ್ವೀಪದ ಆ ಕೊನೆಯಿಂದ ಈ ಕೊನೆಗೆ ಕೇವಲ ರೊಟ್ಟಿಗಾಗಿ ಬರುತ್ತಿದ್ದ. ಹಣೆಗೆ ವಿಭೂತಿ, ಎದೆಯ ಮೇಲೆ ಲಿಂಗ. ಊಟಕ್ಕೆ ಮುಂಚೆ ಅವನು ಕಣ್ಣು ಮುಚ್ಚಿ ತನ್ನ ದೇವರನ್ನು ನೆನೆಯುವುದು, ಅವನು ಕಣ್ಣು ತೆರೆಯುವ ಹೊತ್ತಿಗೆ ಅವ್ವನ ಉದ್ದನೆಯ ಪ್ರಾರ್ಥನೆ ಶುರುವಾಗುವುದು, ಈ ಇಬ್ಬರ ಭಕ್ತಿಯ ನಡುವೆ ಎಣಗಾಯಿ ಪಲ್ಯ ಆರಿ ತಣ್ಣಗಾಗುವುದು, ಇದು ಸುಮಿತ್ರಾಳ ನಿತ್ಯದ ಗೊಣಗಾಟ. ಅವ್ವ ಅವನನ್ನು ಬಸ್ಯಾ ಎಂದು ಏಕವಚನದಲ್ಲೇ ಕರೆಯುತ್ತಿದ್ದಳು, ಅವನು ಅವಳನ್ನು ಅವ್ವ ಎಂದೇ ಕರೆಯುತ್ತಿದ್ದ. ಎಲ್ಲರನ್ನೂ ಅಂಕಲ್, ಆಂಟಿ ಮಾಡಿಬಿಡುವ ಈ ಊರಿನಲ್ಲಿ ಅದು ಸಣ್ಣ ಮಾತೇನಲ್ಲ.

ಇನ್ನು ನಮ್ಮ ಕೇರಿಯ ಒಂದು ರೂಢಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಕರ್ತನ ಭೋಜನ ಎಂದರೆ, ರೊಟ್ಟಿ ಮುರಿದು ದ್ರಾಕ್ಷಾರಸದ ಪಾತ್ರೆಯನ್ನು ಎಲ್ಲರೂ ಹಂಚಿಕೊಳ್ಳುವ ಆ ಸಂಸ್ಕಾರ, ನಮ್ಮಲ್ಲಿ ಮೂರು ತಿಂಗಳಿಗೊಮ್ಮೆ. ಅದರ ಹಿಂದಿನ ಶನಿವಾರ ಕೇರಿಯಲ್ಲಿ ಯಾರೂ ಮನೆಯಲ್ಲಿ ಕೂರುತ್ತಿರಲಿಲ್ಲ. ಆ ಮೂರು ತಿಂಗಳಲ್ಲಿ ಯಾರ ಜೊತೆ ಮಾತು ಬಿಟ್ಟಿದೆಯೋ ಅವರ ಮನೆಯ ಹೊಸ್ತಿಲಿಗೆ ಹೋಗಿ, ನನ್ನಿಂದ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಹೇಳಿ ಬರಬೇಕು. ಹೇಳದೆ ಮಾರನೆಯ ದಿನ ಪಾತ್ರೆ ಮುಟ್ಟುವಂತಿಲ್ಲ. ತಪ್ಪು ಯಾರದು ಎಂಬ ವಿಚಾರಣೆ ಅಲ್ಲಿ ಇರಲಿಲ್ಲ; ಇಬ್ಬರೂ ಏಕಕಾಲಕ್ಕೆ ಹೊರಟು ನಡುಬೀದಿಯಲ್ಲೇ ಎದುರಾಗಿ ಮಾತು ಮುಗಿಸಿಕೊಂಡದ್ದೂ ಉಂಟು. ನಮ್ಮಪ್ಪನಿಗೂ ಪಕ್ಕದ ಮನೆಯ ನೇಕಾರ ಸೊಲೊಮೋನಪ್ಪನಿಗೂ ಒಂದು ಬೇವಿನ ಗಿಡದ ಎಲೆ ಯಾರ ಅಂಗಳಕ್ಕೆ ಉದುರುತ್ತದೆಂಬ ವ್ಯಾಜ್ಯ ಇತ್ತು. ಶನಿವಾರ ಸಂಜೆ ಇಬ್ಬರೂ ಕೈ ಹಿಡಿದುಕೊಂಡು ಕಣ್ಣೀರು ಹಾಕುವರು, ಭಾನುವಾರ ಒಂದೇ ಸಾಲಿನಲ್ಲಿ ನಿಲ್ಲುವರು, ಸೋಮವಾರ ಬೆಳಿಗ್ಗೆ ಕಸಬರಿಗೆ ಹಿಡಿದವರೇ ಮತ್ತೆ ಶುರು. ಹೀಗೆ ವರ್ಷಕ್ಕೆ ನಾಲ್ಕು ಸಲ ಸಮಾಧಾನವಾಗುವ ಜಗಳ ಒಂದು ಬಗೆಯ ನೆಂಟಸ್ತನವೇ ಆಗಿತ್ತೆಂದು ಈಗ ಅನ್ನಿಸುತ್ತದೆ. ಸೊಲೊಮೋನಪ್ಪ ಸತ್ತ ವರ್ಷ ಆ ಗಿಡದ ಎಲೆಗಳನ್ನೆಲ್ಲ ಅಪ್ಪ ಒಬ್ಬನೇ ಗುಡಿಸಿದ.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಆ ಅಕ್ಟೋಬರಿನಲ್ಲಿ ಕನ್ನಡಿಗರೆಲ್ಲ ಸೇರಿ ರಾಜ್ಯೋತ್ಸವದ ತಯಾರಿ ನಡೆಸಿದ್ದೆವು. ಜುರಾಂಗ್ ಈಸ್ಟಿನ ಒಂದು ಕಟ್ಟಡದ ಕೆಳಗಿನ ತೆರೆದ ಪಡಸಾಲೆಯಾದ ವಾಯ್ಡ್ ಡೆಕ್‌ನಲ್ಲಿ ಅಭ್ಯಾಸ. ಹಾಡಿನ ಉಸ್ತುವಾರಿ ನನ್ನದು, ಗುಡಿಯಲ್ಲಿ ಹಾಡಿ ಹಾಡಿ ಪಳಗಿದ ಗಂಟಲೆಂದು. ಮಕ್ಕಳ ಬಾಯಲ್ಲಿ ನಾಡಗೀತೆ ಪೂರ್ತಿ ಹೊರಳುತ್ತಿರಲಿಲ್ಲ. ಅವರು ಮೊದಲರ್ಧ ಹಾಡಲಿ, ಉಳಿದದ್ದನ್ನು ದೊಡ್ಡವರು ಹಾಡೋಣ ಎಂದೆ. ಸುತ್ತ ಬೆಂಗಳೂರು, ಮೈಸೂರು, ಮಂಗಳೂರು ಎಲ್ಲ ಕಡೆಯವರು ಇದ್ದರು. ಬಸವರಾಜ ಕಾಫಿ ಕಪ್ಪು ಹಿಡಿದುಕೊಂಡು, ಎಲ್ಲರ ಮುಂದೆ, "ದೇವದಾನ ಅವ್ರೇ, ನಿಮಗೇನು ಬಿಡಿ, ನಿಮ್ಮ ನಾಡು ಮೇಲಿರೋದು. ಕರ್ನಾಟಕ ಅರ್ಧ ಇದ್ರೂ ನಿಮಗೆ ನಡೆಯತ್ತೆ" ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತು ಚುಚ್ಚಿತು, ಆದರೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಅವನು ಅದನ್ನು ಹೇಳಿದ ಕನ್ನಡ. ನನ್ನನ್ನು ದೇವ್ಯಾ ಎನ್ನುತ್ತಿದ್ದವನು, ನನ್ನ ಹತ್ತಿರ ಬಾಯಿ ತೆರೆದರೆ ಜೋಳದ ಹೊಲವೇ ಬಾಯೊಳಗಿಂದ ಬರುತ್ತಿದ್ದವನು, ಆ ಒಂದು ವಾಕ್ಯಕ್ಕಾಗಿ ಬೆಂಗಳೂರಿನ ಕನ್ನಡ ತೊಟ್ಟು, ನನಗೊಂದು ಅವ್ರೇ ಅಂಟಿಸಿ, ಎದುರು ಸಾಲಿನಲ್ಲಿ ಹೋಗಿ ನಿಂತಿದ್ದ. ನನಗೆ ತುಂಬಾ ನೋವಾಯಿತು. ಕ್ರೈಸ್ತರಾಗಿ ಇಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತೀರಲ್ಲ ಎಂಬ ಹೊಗಳಿಕೆಯನ್ನು ಬಾಲ್ಯದಿಂದ ಕೇಳಿ, ಮುಗುಳ್ನಕ್ಕು, ದಾಟಿ ಬಂದವರು ನಾವು. ಅಪರಿಚಿತರು ಅಂದರೆ ನೀರು ಕುಡಿದಂತೆ ಕುಡಿದುಬಿಡುತ್ತೇವೆ. ಇವನು ಅಪರಿಚಿತನಾಗಿರಲಿಲ್ಲ. ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದು ಹೇಳಿ ಅಭ್ಯಾಸಕ್ಕೆ ಹೋಗುವುದು ಬಿಟ್ಟೆ. ಅವನೂ ಶನಿವಾರ ಬರುವುದು ಬಿಟ್ಟ. ಅವ್ವ ಮಾತ್ರ ಅವನ ಲೆಕ್ಕದ ರೊಟ್ಟಿಯನ್ನೂ ಬಡಿದು, ಸಂಜೆ ಕೆಳಗಿನ ಮುದುಕರಿಗೆ ಕಳಿಸುತ್ತಿದ್ದಳು.

ಡಿಸೆಂಬರಿನಲ್ಲಿ ಕರ್ತನ ಭೋಜನ ಬಂತು. ನಮ್ಮ ಪುಟ್ಟ ಸಭೆಯಲ್ಲಿ ವಯಸ್ಸಾದವರು ಮುಂದೆ, ಚಿಕ್ಕವರು ಅವರ ಹಿಂದೆ ಸಾಲಾಗಿ ಹೋಗುವ ಪದ್ಧತಿ. ಎಲ್ಲರಿಗಿಂತ ಹಿರಿಯಳಾದ ಅವ್ವ ಏಳಬೇಕು, ಆಮೇಲೆ ಉಳಿದವರು. ಅವ್ವ ಏಳಲಿಲ್ಲ. ಮೊಣಕಾಲು ನೋವಿರಬೇಕೆಂದು ಕೈ ಕೊಡಲು ಹೋದೆ, ತಲೆಯಾಡಿಸಿದಳು. ನಾನು ಹೋಗಿ ರೊಟ್ಟಿ ತಿಂದು, ಪಾತ್ರೆ ಮುಟ್ಟಿ ಬಂದೆ. ಅವಳು ಸೆರಗು ಹೊದ್ದುಕೊಂಡು ನೆಲ ನೋಡುತ್ತ ಕೂತೇ ಇದ್ದಳು. ಹದಿನಾರನೆಯ ವಯಸ್ಸಿನಿಂದ, ಹೆರಿಗೆ ಬಾಣಂತನಗಳ ಹೊರತು, ಅವಳು ತಪ್ಪಿಸಿದ ಮೊದಲ ಭೋಜನ ಅದು.

ಮನೆಗೆ ಬಂದ ಮೇಲೆ ಕೇಳಿದೆ. ಸುಮಿತ್ರಾಳಿಂದ ಅವಳಿಗೆ ಎಲ್ಲ ತಿಳಿದಿತ್ತು.

"ಬಸ್ಯಾನ ಕೂಡ ಮಾತು ಬಿಟ್ಟು ಆ ಪಾತ್ರಿ ಹೆಂಗ ಮುಟ್ಟಿದ್ಯೋ?" ಎಂದಳು. "ಒಂದ ಒಲಿ ಅನ್ನ ಉಣ್ಣವರು ನಾವು. ನಿನ್ನ ಮುನಿಸು ನನ್ನ ಮುನಿಸೂ ಹೌದು. ಅದು ತೀರೂ ತನಕಾ ನಾ ಏಳೂದಿಲ್ಲ."

ನಾನು ಸಾಲ ಬಾಕಿಯ ಲೆಕ್ಕ ಹಾಕಿ ವಾದ ಹೂಡಿದೆ, ಬ್ಯಾಂಕಿನವನಲ್ಲವೆ. ಅಂದವನು ಅವನು, ನೊಂದವನು ನಾನು, ಬರಬೇಕಾದವನು ಅವನು ಎಂದೆ. ಅಷ್ಟಕ್ಕೂ ಈ ರೂಢಿ ನಮ್ಮ ಕೇರಿಯದು, ನಮ್ಮ ನಂಬಿಕೆಯದು, ಅವನದು ಬೇರೆ ಧರ್ಮ, ನಾನು ಹೋಗಿ ಹೊಸ್ತಿಲಲ್ಲಿ ನಿಂತರೆ ಅವನಿಗೆ ತಲೆಬುಡ ತಿಳಿಯುವುದಿಲ್ಲ ಎಂದೆ.

"ರೂಢಿ ಅವಗ ಗೊತ್ತಿಲ್ಲ, ಖರೆ," ಎಂದಳು ಅವ್ವ. "ನಿನಗ ಗೊತ್ತೈತೆಲ್ಲ."

ಅವ್ವ ಬೈಯಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಎಂದಿನಂತೆ ಬಡಿದಳು, ಬೇಯಿಸಿದಳು, ಗದಗಿಗೆ ಮಳೆ ಬೇಡಿದಳು. ಆದರೆ ಅವಳ ಪಾಸಿನ ಅವಧಿ ಮುಗಿಯುವುದು ಮಾರ್ಚಿನಲ್ಲಿ. ಅಲ್ಲಿಂದ ಹುಬ್ಬಳ್ಳಿಗೆ, ನನ್ನ ಅಕ್ಕನ ಮನೆಗೆ. ಕಣ್ಣಿಗೆ ಪೊರೆ ಬಂದಿತ್ತು, ಮೊಣಕಾಲು ಸೋತಿತ್ತು. ಇನ್ನೊಮ್ಮೆ ವಿಮಾನ ಹತ್ತುವೆನೆಂದು ಅವಳೂ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಅಂದರೆ ಮಾರ್ಚಿನ ಭೋಜನವೇ ನಾವು ತಾಯಿ ಮಗ ಒಂದೇ ಪಾತ್ರೆಯಿಂದ ಕುಡಿಯಬಹುದಾದ ಕೊನೆಯ ಭೋಜನ. ಈ ಲೆಕ್ಕ ನನಗೆ ಅರ್ಥವಾಗಲು ಜನವರಿ ಬೇಕಾಯಿತು. ಅರ್ಥವಾದ ಮೇಲೂ ಹೊರಡಲು ಎರಡು ತಿಂಗಳು ಬೇಕಾಯಿತು. ಅಹಂಕಾರಕ್ಕೆ ಯಾವಾಗಲೂ ಕೈತುಂಬ ಕೆಲಸವಿರುತ್ತದೆ. ಒಂದು ಶನಿವಾರ ಆಫೀಸು, ಒಂದು ಶನಿವಾರ ಜ್ವರ, ಒಂದು ಶನಿವಾರ ಮಗಳ ಶಾಲೆ.

ಕೊನೆಗೆ ಆ ಭೋಜನದ ಹಿಂದಿನ ಶನಿವಾರ ಬೆಳಿಗ್ಗೆ, ಅವ್ವ ಇನ್ನೂ ಹಿಟ್ಟಿಗೆ ನೀರು ಕಾಯಿಸುತ್ತಿದ್ದಾಗಲೇ, ಏನೂ ಹೇಳದೆ ಚಪ್ಪಲಿ ಮೆಟ್ಟಿ ಹೊರಬಿದ್ದೆ. ಟ್ಯಾಂಪಿನೀಸಿನಿಂದ ಜುರಾಂಗ್ ಈಸ್ಟ್ ಎಂದರೆ ಇಡೀ ಸಿಂಗಪುರವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟುವುದು. ಯೋಚಿಸಲು ಬೇಕಾದಷ್ಟು ಹೊತ್ತು, ಮನಸ್ಸು ಬದಲಿಸಲು ಬೇಕಾದಷ್ಟು ಸ್ಟೇಷನ್ನುಗಳು.

ಬಸವರಾಜನ ಮಾತಿನಲ್ಲಿ ಸುಳ್ಳಿಲ್ಲ ಎಂಬುದು ನನಗೆ ದೊಡ್ಡ ತೊಡಕಾಗಿತ್ತು, ನೋಡಿ. ನಾವು ಚಿಕ್ಕಂದಿನಿಂದ ಹಾಡುತ್ತ ಬಂದ ಕೀರ್ತನೆಗಳಲ್ಲಿ ಈ ಲೋಕ ಛತ್ರ, ನಾವು ಯಾತ್ರಿಕರು, ನಮ್ಮ ನಿಜವಾದ ನಾಡು ಆಚೆಯದು. ಅದನ್ನು ಎತ್ತರದ ದನಿಯಲ್ಲಿ ಹಾಡಿ ಮನೆಗೆ ಬಂದ ನಮ್ಮಪ್ಪನೇ, ರೇಡಿಯೋದಲ್ಲಿ ರಾಷ್ಟ್ರಗೀತೆ ಬಂದರೆ ಗಡ್ಡಕ್ಕೆ ಹಚ್ಚಿದ ಸಾಬೂನಿನ ನೊರೆಯ ಸಮೇತ ಎದ್ದು ನೆಟ್ಟಗೆ ನಿಲ್ಲುತ್ತಿದ್ದ, ನಮ್ಮನ್ನೂ ನಿಲ್ಲಿಸುತ್ತಿದ್ದ. ಆಗಸ್ಟ್ ಹದಿನೈದಕ್ಕೆ ಶಾಲೆಯ ಅಂಗಳದಲ್ಲಿ ಬಾವುಟ ಏರಿಸುವ ಹಗ್ಗವನ್ನು ಹಿಂದಿನ ದಿನವೇ ತಾನೇ ಕೂತು ಮೇಣ ಸವರಿ ಹದ ಮಾಡುತ್ತಿದ್ದ. ಅಪ್ಪನಿಗೆ ಈ ಎರಡರ ನಡುವೆ ಬಿರುಕು ಕಾಣಲೇ ಇಲ್ಲ. ಛತ್ರವಾದರೇನು, ಉಳಿದುಕೊಂಡವನು ಅಂಗಳ ಗುಡಿಸಬೇಡವೆ ಎಂಬುದು ಅವನ ಧೋರಣೆ ಇದ್ದಿರಬೇಕು. ಸೆರೆಯಾಗಿ ಪರದೇಶಕ್ಕೆ ಹೋದ ಜನಕ್ಕೆ ನಮ್ಮ ಹಳೆಯ ಪ್ರವಾದಿಯೊಬ್ಬ ಬರೆದು ಕಳಿಸಿದ್ದೂ ಹೆಚ್ಚುಕಡಿಮೆ ಇದನ್ನೇ: ಮನೆ ಕಟ್ಟಿ, ತೋಟ ಮಾಡಿ, ನೀವಿರುವ ಆ ಊರಿನ ಒಳಿತಿಗೆ ಬೇಡಿಕೊಳ್ಳಿ. ಅಪ್ಪ ಸೆರೆಯಾಗಿ ಹೋದವನಲ್ಲ, ಹುಟ್ಟಿದೂರಿನಲ್ಲೇ ಇದ್ದವನು. ಆದರೂ ಆ ಪಾಠವನ್ನು ಬಿಡದೆ ಮಾಡಿದ. ನಾನೋ, ನನ್ನ ಇಷ್ಟದಿಂದ ಸಂಬಳ ಹುಡುಕಿಕೊಂಡು ಬಂದವನು. ಆಗಸ್ಟ್ ಒಂಬತ್ತಕ್ಕೆ ನಮ್ಮ ಬ್ಲಾಕಿನ ಕಟಾಂಜನಗಳ ತುಂಬ ಇಲ್ಲಿಯ ಕೆಂಪು ಬಿಳಿ ಬಾವುಟ ತೂಗಿದಾಗ ಸಂತೋಷವಾಗುತ್ತದೆ, ಹದಿನೈದಕ್ಕೆ ಊರು ನೆನಪಾಗುತ್ತದೆ, ಭಾನುವಾರ ಮೂರನೆಯದೊಂದು ನಾಡಿನ ಬಗ್ಗೆ ಹಾಡುತ್ತೇನೆ. ಇಷ್ಟೊಂದು ನಾಡುಗಳಿರುವವನಿಗೆ ಯಾವುದೂ ಪೂರ್ತಿ ಇಲ್ಲವೆಂದು ಯಾರಾದರೂ ಅಂದರೆ ಏನು ಉತ್ತರ ಕೊಡುವುದು?

ತಂಜಾಂಗ್ ಪಗಾರ್ ಬಂದಾಗ ಎದ್ದು ನಿಂತೆ. ನಿತ್ಯ ಇಳಿಯುವ ಸ್ಟೇಷನ್ನು, ಕಾಲು ತಾನಾಗಿ ಎದ್ದಿತು ಎನ್ನಬಹುದು. ಆದರೆ ನಿಮ್ಮ ಹತ್ತಿರ ಏಕೆ ಮುಚ್ಚಿಡಲಿ, ಇಳಿದು ಆಫೀಸಿಗೆ ಹೋಗಿಬಿಡೋಣ ಎಂದೇ ಎದ್ದದ್ದು. ಆಗ ಅವ್ವ ಸೆರಗು ಹೊದ್ದು ನೆಲ ನೋಡುತ್ತ ಕೂತಿದ್ದು ಕಣ್ಣಿಗೆ ಬಂತು. ನಾಳೆಯೂ ಹಾಗೆಯೇ ಕೂರುತ್ತಾಳೆ, ಹಾಗೆಯೇ ಹುಬ್ಬಳ್ಳಿಗೆ ಹೋಗುತ್ತಾಳೆ. ಬಾಗಿಲು ಮುಚ್ಚಿತು, ಮತ್ತೆ ಕೂತೆ. ನಲವತ್ತೈದು ವರ್ಷ ವಯಸ್ಸಿನವನು ನನ್ನ ಗುರುವಾದ ಕರ್ತನ ಎದುರು ಒಂದನೆಯ ಇಯತ್ತೆಯ ಹುಡುಗನಂತಾಗಿದ್ದೆ. ಶಿಷ್ಯ ಎಂದು ನಮ್ಮನ್ನು ನಾವು ಎಷ್ಟು ಸಲೀಸಾಗಿ ಕರೆದುಕೊಳ್ಳುತ್ತೇವೆ. ಪಾದ್ರಿಗಳ ಪ್ರಸಂಗ ಕೇಳುವುದು, ಕೀರ್ತನೆ ಹಾಡುವುದು, ಹುಂಡಿಗೆ ಕಾಣಿಕೆ ಹಾಕುವುದು, ಇವೆಲ್ಲ ನನಗೆ ಚೆನ್ನಾಗಿ ಬರುತ್ತಿದ್ದವು. ನನ್ನನ್ನು ನೋಯಿಸಿದವನ ಮನೆಗೆ ಹೋಗುವ ದಾರಿಯೊಂದು ಮಾತ್ರ ಗೊತ್ತಿರಲಿಲ್ಲ. ಕೈಯಲ್ಲಿ ರೈಲಿನ ಕಾರ್ಡೂ ಇತ್ತು, ಅದರಲ್ಲಿ ದುಡ್ಡೂ ಇತ್ತು.

ಬಾಗಿಲು ತೆರೆದವಳು ಗಿರಿಜಾ. ನನ್ನನ್ನು ಕಂಡು ಗಾಬರಿ, ಸಂತೋಷ ಎರಡೂ ಆಗಿ, ಬರ್ರಿ ಬರ್ರಿ ಎಂದು ಒಳಗೆ ಕರೆದಳು. ಬಸವರಾಜ ಪೂಜೆ ಮುಗಿಸಿ, ಬನಿಯನ್ನಿನಲ್ಲಿ, ಹಸಿ ವಿಭೂತಿಯಲ್ಲಿ ಹೊರಬಂದ. ಯಾರಾದರೂ ಫೋನು ಮಾಡದೆ ಮನೆಗೆ ಬಂದರೆಂದರೆ ಆ ವರ್ಷ ಸಿಂಗಪುರದಲ್ಲಿ ಎರಡೇ ಕಾರಣ: ಒಂದು ಇನ್ಶೂರೆನ್ಸ್ ಮಾರಲು, ಇಲ್ಲವೇ ಕಾಂಡೋ ಎಂಬ ದುಬಾರಿ ಫ್ಲ್ಯಾಟು ಕೊಂಡದ್ದನ್ನು ಹೇಳಲು. ಗಿರಿಜಾ ಚಹಾ ತಂದಿಟ್ಟು, ಯಾವ ಏರಿಯಾದಲ್ಲಿ ತಗೊಂಡಿರಿ, ಸ್ವಿಮ್ಮಿಂಗ್ ಪೂಲ್ ಇದೆಯೇ ಎಂದು ಕೇಳಿಯೇಬಿಟ್ಟಳು. ಇಲ್ಲವೆಂದೆ. ಆಮೇಲೆ ಚಹಾದ ಬಗ್ಗೆ, ಬಿಸಿಲಿನ ಬಗ್ಗೆ, ಬಾಡಿಗೆ ಏರಿದ್ದರ ಬಗ್ಗೆ ಮಾತಾಡಿದೆವು. ಬಸವರಾಜ ನನ್ನ ಮುಖ ನೋಡದೆ ಕಪ್ಪಿನ ಅಂಚು ಸವರುತ್ತಿದ್ದ. ನಮ್ಮ ಕೇರಿಯಲ್ಲಾದರೆ ಹೊಸ್ತಿಲಲ್ಲಿ ನಿಂತಾಗಲೇ ಎಲ್ಲ ತಿಳಿದುಹೋಗುತ್ತಿತ್ತು. ಇಲ್ಲಿ ಬಾಯಿ ಬಿಟ್ಟು ಹೇಳಬೇಕಾಯಿತು.

"ಬಸ್ಯಾ, ನನ್ನಿಂದ ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋಪಾ."

ಅವನ ಕೈಯಲ್ಲಿನ ಕಪ್ಪು ಅಲ್ಲೇ ನಿಂತಿತು. ಕಪ್ಪನ್ನು ಕೆಳಗಿಟ್ಟವನೇ ಎದ್ದು ಹ್ಯಾಂಗರಿನ ಅಂಗಿಗೆ ಕೈ ಹಾಕಿದ.

"ಅವ್ವಗ ಏನಾತು?" ಎಂದ. ಗಿರಿಜಾ ಆಗಲೇ ಒಲೆ ಆರಿಸಲು ಓಡಿದ್ದಳು.

ನನ್ನ ಬುದ್ಧಿಗೆ ಏನು ಹೇಳಲಿ. ಅವರ ಊರಲ್ಲಿ, ನಮ್ಮ ಕೇರಿ ಬಿಟ್ಟರೆ ನಮ್ಮ ಊರಲ್ಲೂ, ಈ ಮಾತು ಆಡುವುದು ಜೀವ ಹೋಗುವ ಹೊತ್ತಿನಲ್ಲಿ; ಹಾಸಿಗೆ ಹಿಡಿದವರು ನೆಂಟರನ್ನು ಕರೆಸಿ ಹೇಳುವ ಮಾತು, ಇಲ್ಲವೇ ಅವರ ಪರವಾಗಿ ಮಕ್ಕಳು ಬಂದು ಹೇಳುವ ಮಾತು. ಬದುಕಿ ಗಟ್ಟಿಮುಟ್ಟಾಗಿರುವವರು ಚಹಾ ಕುಡಿಯುತ್ತ ಅದನ್ನು ಆಡುತ್ತಾರೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಅವ್ವ ಆರಾಮಿದ್ದಾಳೆ, ಈಗ ರೊಟ್ಟಿ ಬಡಿಯುತ್ತಿರಬೇಕು ಎಂದು ಕೂಗಿ ಹೇಳಿ, ಅವನನ್ನು ಹಿಡಿದು ಕೂರಿಸಿ, ಎಲ್ಲವನ್ನೂ ಮೊದಲಿಂದ ಹೇಳಿದೆ: ರೂಢಿ, ಡಿಸೆಂಬರು, ಏಳದೆ ಕೂತ ಅವ್ವ, ಅವಳು ಹೊರಡುವ ದಿನ. ನಿನ್ನ ಮಾತಿನಿಂದ ನನಗೆ ಬಹಳ ನೋವಾಯಿತು ಎಂಬುದನ್ನೂ ಹೇಳಿದೆ. ಅಂಗಿಯ ಒಂದು ತೋಳು ಹಾಕಿಕೊಂಡು, ಇನ್ನೊಂದು ಇಳಿಬಿಟ್ಟುಕೊಂಡೇ ಅವನು ಕೇಳಿಸಿಕೊಂಡ.

ಮರೆತಿದ್ದಾನೆಂದು ನಾನು ತಿಳಿದಿದ್ದೆ. ಮರೆತಿರಲಿಲ್ಲ. ಹಿಂದಿನ ವರ್ಷ ಅವನ ಅಪ್ಪ ತೀರಿಕೊಂಡ ಸುದ್ದಿ ಬಂದ ಸಂಜೆಯನ್ನು ನೆನಪಿಸಿದ. ಮರುದಿನದ ತನಕ ವಿಮಾನ ಇರಲಿಲ್ಲ. ಅವ್ವ ನಮ್ಮ ಸಭೆಯವರನ್ನೆಲ್ಲ ಕರೆದುಕೊಂಡು ಇವನ ಮನೆಗೆ ಬಂದು, ಯಾವ ಉಪದೇಶವನ್ನೂ ಮಾಡದೆ, ಸುಮ್ಮನೆ ಗೋಡೆಗೊರಗಿ ಕೂತಿದ್ದಳು. ಕೂತವರಲ್ಲಿ ಯಾರೋ ಸಣ್ಣ ದನಿಯಲ್ಲಿ ಹಾಡಿದ್ದರು, ಉಳಿದವರು ಕೂಡಿಕೊಂಡಿದ್ದರು. ಅಷ್ಟು ನನಗೂ ನೆನಪಿತ್ತು. ಅವನೊಳಗೆ ಆಮೇಲೆ ಏನಾಯಿತೆಂದು ನನಗೆ ಗೊತ್ತಿರಲಿಲ್ಲ.

"ನಿಮಗ ಹತ್ತ ಮಂದಿ ಕೂಡಿದ್ರ ಊರು ಆಕ್ಕೈತಿ, ದೇವ್ಯಾ. ಎಲ್ಲಿ ಕುಂತ್ರೂ," ಎಂದ. "ನಾ ನಮ್ಮೂರಿಗೇ ಹೋಗಿ ಕುಂತೆ. ಅಪ್ಪ ಇಲ್ಲದ ಅದು ಊರ ಅನ್ನಿಸಲಿಲ್ಲ. ಹೊಟ್ಟಿಕಿಚ್ಚಪಾ. ಅದನ್ನ ಚಾಷ್ಟಿ ಮಾಡಿ ಅಂದುಬಿಟ್ಟೆ, ಅದೂ ಮಂದ್ಯಾಗ."

ಅಂದ ಮೇಲೆ ನನ್ನ ಮುಖ ನೋಡಲಾಗದೆ ಟ್ಯಾಂಪಿನೀಸಿಗೆ ಬರುವುದನ್ನು ಬಿಟ್ಟಿದ್ದ. ಹೇಳಿ ಮುಗಿಸಿ ಮೂಗು ಒರೆಸಿಕೊಂಡ. ನನಗೂ ಒರೆಸಿಕೊಳ್ಳುವ ಅಗತ್ಯ ಬಿತ್ತು. ಗಿರಿಜಾ ಒಬ್ಬಳೇ ಗಟ್ಟಿಯಾಗಿದ್ದು, ಇಬ್ಬರೂ ಚಿಕ್ಕ ಹುಡುಗರಿಗಿಂತ ಕಡೆ ಎಂದು ಬೈದು, ಅಂಗಿಯ ಇನ್ನೊಂದು ತೋಳನ್ನೂ ಹಾಕಿಕೊಳ್ಳಿ, ಅವ್ವನ ಹತ್ತಿರ ಹೋಗೋಣ ಎಂದಳು.

ಮೂವರೂ ಮತ್ತೆ ಅದೇ ರೈಲಿನಲ್ಲಿ, ಈ ಸಲ ಪಶ್ಚಿಮದಿಂದ ಪೂರ್ವಕ್ಕೆ. ಬಸವರಾಜ ದಾರಿಯುದ್ದಕ್ಕೂ ಊರಿನ ಬೋರು, ತಮ್ಮನ ದಡ್ಡತನ ಎಂದು ಗಟ್ಟಿ ದನಿಯಲ್ಲಿ ಮಾತಾಡಿದ; ಅಕ್ಕಪಕ್ಕದವರು ತಿರುಗಿ ನೋಡಿದರೂ ಅವನಿಗೆ ಪರಿವೆಯಿಲ್ಲ, ನನಗೂ ಇಲ್ಲ. ಅವನ ರೋಣದ ಕನ್ನಡ ಕೇಳುತ್ತ ನನಗೆ ಒಂದು ಸಂಗತಿ ನಿಚ್ಚಳವಾಯಿತು. ಬೆಳಿಗ್ಗೆ ನಾನು ನಾಡುಗಳನ್ನು ಎಣಿಸುತ್ತ ಕೂತಿದ್ದೆ. ಒಬ್ಬ ಮನುಷ್ಯನ ಒಂದು ಚೇಷ್ಟೆಯ ಮಾತು ಐದು ತಿಂಗಳು ನನ್ನ ನಿದ್ದೆ ಕೆಡಿಸಿತೆಂದರೆ, ನನ್ನ ನಾಡು ಯಾವುದೆಂದು ಆ ನೋವೇ ತಿಳಿಸುತ್ತಿತ್ತಲ್ಲ. ಯಾರ ಮಾತು ನಮಗೆ ನಾಟುತ್ತದೋ ಅವರ ನಡುವೆಯೇ ನಮ್ಮ ಬೇರು ಇರುತ್ತದೆ. ದೇಶವನ್ನು ಪ್ರೀತಿಸುವುದು ಬಾವುಟಕ್ಕೆ ಎದ್ದು ನಿಲ್ಲುವುದರಿಂದ ಶುರುವಾಗಬಹುದು, ಅಪ್ಪನಿಗೆ ಹಾಗೆಯೇ ಆಯಿತು. ಅದು ಕೊನೆಗೆ ಒಬ್ಬ ನಿರ್ದಿಷ್ಟ ಮನುಷ್ಯನ ಬಾಗಿಲಿಗೆ ಬಂದು ಮುಟ್ಟಬೇಕು, ಅವನು ವಿಭೂತಿ ಹಚ್ಚಲಿ, ಶಿಲುಬೆ ತೊಡಲಿ, ನಮ್ಮನ್ನು ನೋಡಿ ನಕ್ಕಿರಲಿ. ನನ್ನ ಗುರು ಕಲಿಸಿದ್ದೂ ಇದೇ ಪಾಠ, ನಾನು ಅದನ್ನು ಬೇರೆ ಪುಸ್ತಕವೆಂದುಕೊಂಡಿದ್ದೆ. ಇಷ್ಟು ಹೇಳಿದೆನೆಂದು ನನ್ನನ್ನು ದೊಡ್ಡ ಜ್ಞಾನಿ ಎಂದುಕೊಳ್ಳಬೇಡಿ. ಅವ್ವ ಏಳದೆ ಕೂತಿರದಿದ್ದರೆ ನಾನು ಇವತ್ತಿಗೂ ಮುಖ ತಿರುಗಿಸಿಕೊಂಡೇ ಇರುತ್ತಿದ್ದೆ.

ಬಾಗಿಲು ತೆಗೆದಾಗ ಅವ್ವ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದಳು. ಬಸವರಾಜ ಅವಳ ಕಾಲಿಗೆ ಬೀಳಲು ಬಗ್ಗಿದ. ಅವ್ವ ಅವನ ಭುಜ ಹಿಡಿದು ನಡುವೆಯೇ ನಿಲ್ಲಿಸಿ, ಅವನಿಗಿಂತ ಮೊದಲು ತಾನೇ ಮಾತಾಡಿದಳು. "ನಮ್ಮ ಮನಿಯಿಂದ ನಿನಗ ನೋವಾಗಿದ್ರ ತಪ್ಪಾತಪಾ ಬಸ್ಯಾ," ಎಂದಳು. ಎಪ್ಪತ್ತೆಂಟರ ಮುದುಕಿ, ಏನೂ ತಪ್ಪು ಮಾಡದವಳು. ಅವನು ಅವಳ ಹಿಟ್ಟಿನ ಕೈಯನ್ನು ಹಾಗೆಯೇ ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡ. ಸುಮಿತ್ರಾ ಒಳಗಿನಿಂದ ತಟ್ಟೆ ಇಟ್ಟಾಯಿತೆಂದು ಕರೆದಳು. ಅಂದು ಊಟಕ್ಕೆ ಮುಂಚಿನ ಎರಡು ಪ್ರಾರ್ಥನೆಗಳೂ ಎಂದಿಗಿಂತ ಉದ್ದವಾದವು, ಪಲ್ಯ ತಣ್ಣಗಾದದ್ದಕ್ಕೆ ಸುಮಿತ್ರಾ ಅಂದು ಮಾತ್ರ ಗೊಣಗಲಿಲ್ಲ.

ಮರುದಿನ ಮಧ್ಯಾಹ್ನ ನಮ್ಮ ಸಣ್ಣ ಹಾಲಿನಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿದ್ದರು. ಕೀರ್ತನೆ ಮುಗಿಯಿತು, ಪಾದ್ರಿ ಅಯ್ಯನವರು ರೊಟ್ಟಿ ಮುರಿದು, ಬನ್ನಿರಿ ಎಂದರು. ಎಲ್ಲರೂ ರೂಢಿಯಂತೆ ಅವ್ವನತ್ತ ನೋಡಿದರು. ಅವ್ವ ಕೂತೇ ಇದ್ದಳು. ಇನ್ನು ಯಾರ ಮನೆ ಬಾಕಿ ಇದೆ, ಏನು ಬಿಟ್ಟುಹೋಗಿದೆ? ಅವಳ ಪಕ್ಕಕ್ಕೆ ಬಗ್ಗಿ, ಏಳವ್ವ, ಎಲ್ಲರೂ ನಿನಗಾಗಿ ಕಾಯುತ್ತಿದ್ದಾರೆ ಎಂದು ಮೆಲ್ಲಗೆ ಹೇಳಿದೆ.

"ನೀ ಮುಂದ ನಡಿ," ಎಂದಳು ಅವ್ವ. "ಹಾದಿ ನಡದಾವ ನೀನು. ನಾ ಬರೇ ಕುಂತಾಕಿ. ನಾ ನಿನ್ನ ಹಿಂದ ಬರ್ತೀನಿ."

ಸಭೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಎದ್ದು ಮೇಜಿನ ಕಡೆ ಹೊರಟೆ. ಹಿಂದೆ ಅವ್ವನ ಸೋತ ಮೊಣಕಾಲಿನ ಹೆಜ್ಜೆ ಕೇಳುತ್ತಿತ್ತು, ಒಂದು ಗಟ್ಟಿ, ಒಂದು ಮೆತ್ತಗೆ. ಅವಳಿಗೆ ಕಷ್ಟವಾಗದಿರಲೆಂದು ನಾನು ನನ್ನ ಹೆಜ್ಜೆಯನ್ನು ಸಣ್ಣದು ಮಾಡಿಕೊಂಡೆ.